ಪಾಸ್‌ಬುಕ್ ಎಲ್ಲಿದೆ ಅಂತ ಮೈದುನ ತೋರಿಸಿಟ್ಟಿದ್ದಾನೆ, ರಾತ್ರಿ ಏನಾದರೂ ಆದರೆ ಯಾರನ್ನು ಕರೆಯಲಿ?

ಪ್ರಶ್ನೆ: ನಮ್ಮ ಮನೆ ಶಿರಸಿ ಪೇಟೆಯಿಂದ ಇಪ್ಪತ್ತೆರಡು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಅಂಚಿನಲ್ಲಿ. ಅತ್ತೆ, ನನ್ನ ಯಜಮಾನರು, ಮೈದುನ, ನಾನು, ಏಳು ವರ್ಷದ ಮಗ ಇದ್ದೇವೆ. ಮೈದುನನಿಗೆ 34 ವರ್ಷ. 2020ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಬಂದವನು ಮತ್ತೆ ಹೋಗಲಿಲ್ಲ. ಹೆಣ್ಣು ನೋಡಿದೆವು, ಎಲ್ಲೂ ಕೂಡಿ ಬರಲಿಲ್ಲ. ಈ ಮಳೆಗಾಲ ಕೊಳೆ ರೋಗಕ್ಕೆ ಅರ್ಧ ಫಸಲು ಉದುರಿತು. ಮೂರು ವಾರದಿಂದ ಅವನಿಗೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಕೇಳಿದರೆ "ಎಂತದೂ ಇಲ್ಲೆ ಅತ್ತಿಗೆ" ಅನ್ನುತ್ತಾನೆ. ಮೊನ್ನೆ ನನ್ನನ್ನು ಕರೆದು ಸೊಸೈಟಿ ಪಾಸ್‌ಬುಕ್, ಪಹಣಿ, ಎಲ್‌ಐಸಿ ಕಾಗದ ಎಲ್ಲಾ ಯಾವ ಪೆಟ್ಟಿಗೆಯಲ್ಲಿದೆ ಅಂತ ತೋರಿಸಿದ. ತನ್ನ ವಾಚು ಬಿಚ್ಚಿ ನನ್ನ ಮಗನ ಕೈಗೆ ಕಟ್ಟಿದ. ಯಜಮಾನರು "ಅಂತೂ ಜವಾಬ್ದಾರಿ ಬಂತು" ಅಂದರು. ಅತ್ತೆ ಪ್ರಶ್ನೆ ಕೇಳಿಸೋಣ ಅನ್ನುತ್ತಾರೆ. ಆಸ್ಪತ್ರೆ ಅಂದರೆ, ಊರಿಗೆ ಗೊತ್ತಾದರೆ ಇನ್ನು ಹೆಣ್ಣು ಸಿಕ್ಕ ಹಾಗೇ ಅಂತ ಹೆದರುತ್ತಾರೆ. ನನಗೆ ರಾತ್ರಿ ಭಯವಾಗುತ್ತದೆ. ಇಲ್ಲಿ ಜೋರು ಮಳೆ ಬಂದರೆ ಫೋನೂ ಸತ್ತು ಹೋಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿ ತುರ್ತಿನ ನಾಲ್ಕು ಮಾತು ಹೇಳಿದ್ದೆ. ಈಗ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಭಯ ಇಟ್ಟುಕೊಂಡು ಮಲಗುವ ಮನೆಗಳು ಘಟ್ಟದ ಮೇಲೂ ಇವೆ, ಕೆಳಗೂ ಇವೆ. ಬಾಯಿ ಬಿಟ್ಟು ಕೇಳುವವರು ಕಡಿಮೆ.

ಮೊದಲು ಆ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಯಜಮಾನರಿಗೆ ಅದು ಜವಾಬ್ದಾರಿ ಹಾಗೆ ಕಂಡಿತು. ಅವರದು ತಪ್ಪಲ್ಲ, ಬೇರೆ ದಿನಗಳಲ್ಲಾದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಆದರೆ ಮೂರು ವಾರ ನಿದ್ದೆ ಬಿಟ್ಟ ಮನುಷ್ಯ, ಊಟ ಬಿಟ್ಟ ಮನುಷ್ಯ, ಇದ್ದಕ್ಕಿದ್ದಂತೆ ಕಾಗದಪತ್ರ ಒಪ್ಪಿಸಿ ಪ್ರೀತಿಯ ವಸ್ತುವನ್ನು ಮಗುವಿಗೆ ಕೊಟ್ಟರೆ ನಾವು ಅದನ್ನು ಬೀಳ್ಕೊಳ್ಳುವ ತಯಾರಿ ಅಂತಲೇ ಓದಬೇಕು. ನಮ್ಮ ಓದು ತಪ್ಪಾದರೆ ಸಂತೋಷ, ಒಂದು ದಿನ ಬಸ್ಸಿಗೆ ಓಡಾಡಿದ್ದು ದಂಡ ಅಷ್ಟೇ. ಇನ್ನೊಂದು ಗಮನದಲ್ಲಿರಲಿ. ಹೀಗೆ ಒದ್ದಾಡುತ್ತಿದ್ದವನು ಒಂದು ಬೆಳಿಗ್ಗೆ ತಣ್ಣಗೆ, ಹಗುರವಾಗಿ ಕಂಡರೆ "ಸರಿಹೋದ" ಅಂತ ಕಾವಲು ಸಡಿಲ ಮಾಡಬೇಡಿ. ಮನಸ್ಸಿನಲ್ಲಿ ಒಂದು ತೀರ್ಮಾನ ಆದಾಗಲೂ ಜನ ಹೀಗೆ ಶಾಂತವಾಗಿ ಕಾಣುತ್ತಾರೆ.

ಹಾಗಾದರೆ ಅವನನ್ನೇ ಕೇಳಬೇಕಾ? ಹೌದು, ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಹಾಗೆ ಆಗುವುದಿಲ್ಲ. ಎಷ್ಟೋ ದೇಶಗಳಲ್ಲಿ ಇದನ್ನು ಅಧ್ಯಯನ ಮಾಡಿ ನೋಡಿದ್ದಾರೆ. ರೋಗಿಗಳನ್ನು ನೋಡುವ ನನ್ನ ಕೋಣೆಯಲ್ಲಿ ನಾನು ಕಂಡದ್ದೂ ಅದೇ: ಕೇಳಿದ ಕೂಡಲೇ ಎದುರಿಗಿದ್ದವರ ಹೆಗಲು ಇಳಿಯುತ್ತದೆ. ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ.

ಜಗಲಿಯಲ್ಲಿ ಎಲ್ಲರ ಎದುರು ಕೇಳಬೇಡಿ. ಅವನು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಲೋ, ಉದುರಿದ ಕಾಯಿ ಹೆಕ್ಕುತ್ತಲೋ ಇರುವಾಗ ನೀವೂ ಪಕ್ಕದಲ್ಲಿ ಕೂತು ಹೆಕ್ಕಿ. ಕೈಗೆ ಕೆಲಸ ಇದ್ದರೆ ಗಂಡಸರ ಬಾಯಿ ಸ್ವಲ್ಪ ಸಡಿಲವಾಗುತ್ತದೆ, ಮುಖ ನೋಡುವ ಕಷ್ಟ ಇರುವುದಿಲ್ಲ ಅಲ್ವಾ? "ನೀನು ಪೆಟ್ಟಿಗೆ ತೋರಿಸಿದ ದಿನದಿಂದ ನನಗೆ ನಿದ್ದೆ ಇಲ್ಲ ತಮಾ. ಬದುಕೋದೇ ಬೇಡ ಅಂತ ಅನಿಸ್ತಾ ಇದೆಯಾ?" ಇಷ್ಟು ಸಾಕು. ಆಮೇಲೆ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ, ಒಂದು ನಿಮಿಷ ಒಂದು ಗಂಟೆಯ ಹಾಗೆ ಅನಿಸುತ್ತದೆ. ತುಂಬಲು ಹೋಗಬೇಡಿ. "ನಿನಗೇನು ಕಮ್ಮಿ", "ಅಮ್ಮನ ಮುಖ ನೋಡು", "ಅವರ ಮನೆ ತೋಟವೂ ಹೋಗಿದೆ, ಅವರು ಬದುಕಿಲ್ವಾ" ಇವು ಯಾವುದೂ ಬೇಡ. ತಾನು ಮನೆಗೆ ಭಾರ ಅಂತ ಮೊದಲೇ ನಂಬಿದವನಿಗೆ ಇಂಥ ಮಾತು ಇನ್ನೊಂದು ಕಲ್ಲು ಹೇರಿದ ಹಾಗೆ.

ಅವನು "ಹೌದು" ಅಂದರೆ ಇನ್ನೆರಡು ಪ್ರಶ್ನೆ ಇವೆ: ಹೇಗೆ ಅಂತ ಯೋಚಿಸಿದ್ದೀಯಾ, ಯಾವಾಗ ಅಂತ ಇದೆಯಾ. ಉತ್ತರ ಸ್ಪಷ್ಟವಾಗಿ ಬಂದರೆ ಅವತ್ತೇ ಆಸ್ಪತ್ರೆ, ಅಲ್ಲಿ ಮುಟ್ಟುವವರೆಗೆ ಒಂದು ಗಳಿಗೆಯೂ ಅವನು ಒಬ್ಬನೇ ಇರಬಾರದು. ಬಚ್ಚಲಿಗೆ ಹೋದರೂ ಬಾಗಿಲು ಹಾಕಿಕೊಳ್ಳದೆ ಇರಲಿ, ಹೊರಗೆ ಅಣ್ಣ ನಿಂತಿರಲಿ. "ಸತ್ತರೆ ಚೆನ್ನಾಗಿತ್ತು ಅನಿಸುತ್ತದೆ, ಆದರೆ ಏನೂ ಮಾಡಿಕೊಳ್ಳುವುದಿಲ್ಲ" ಅಂದರೂ ಡಾಕ್ಟರಿಗೆ ತೋರಿಸುವುದು ಒಂದೆರಡು ದಿನದೊಳಗೆ ಆಗಲಿ. "ಯಾರಿಗೂ ಹೇಳಬೇಡ ಅತ್ತಿಗೆ" ಅಂದರೆ ಆಣೆ ಮಾಡಬೇಡಿ. "ಊರಿಗೆ ಹೇಳೋದಿಲ್ಲ. ನಿನ್ನ ಅಣ್ಣನಿಗೆ, ಡಾಕ್ಟರಿಗೆ ಹೇಳ್ತೇನೆ" ಅಂತ ಎದುರಿಗೇ ಹೇಳಿಬಿಡಿ.

ಈಗ ಮನೆಯ ಒಳಗಿನ ಕೆಲಸ. ನಿಮ್ಮ ಪತ್ರದಲ್ಲಿ ಇದರ ಸುದ್ದಿಯೇ ಇಲ್ಲ, ನನಗೆ ಮಾತ್ರ ಇದೇ ಎಲ್ಲಕ್ಕಿಂತ ದೊಡ್ಡದು. ಜೀವ ತೆಗೆದುಕೊಳ್ಳುವ ತೀವ್ರ ತುಡಿತ ಅಲೆಯ ಹಾಗೆ ಏರಿ ಇಳಿಯುತ್ತದೆ. ಎಷ್ಟೋ ಸಲ ಅದರ ತುತ್ತತುದಿ ಕೆಲವು ನಿಮಿಷದ್ದು, ಕೆಲವು ಗಂಟೆಯದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗಲಿಲ್ಲ ಅಂದರೆ ಬಹಳ ಜನ ಉಳಿಯುತ್ತಾರೆ. ಹಾಗೆ ಬದುಕಿ ಉಳಿದವರು ಬೇರೆ ದಾರಿ ಹುಡುಕಿಯೇ ಹುಡುಕುತ್ತಾರೆ ಅನ್ನುವುದು ತಪ್ಪು ತಿಳಿವಳಿಕೆ. ತೋಟದ ಮನೆ ಅಂದಮೇಲೆ ಔಷಧಿ ಡಬ್ಬಿ, ಕಳೆನಾಶಕ, ಇಲಿ ಪಾಷಾಣ ಎಲ್ಲ ಅಟ್ಟದ ಕೆಳಗೋ ಪಂಪ್‌ಶೆಡ್ಡಿನಲ್ಲೋ ಇದ್ದೇ ಇರುತ್ತದೆ. ಬೀಗ ಹಾಕಿದರೆ ಸಾಕಾಗುವುದಿಲ್ಲ, ಕೀಲಿ ಎಲ್ಲಿ ನೇತು ಹಾಕುತ್ತೀರಿ ಅಂತ ಅವನಿಗೂ ಗೊತ್ತು. ಅವು ಮನೆಯಿಂದಲೇ ಹೊರಗೆ ಹೋಗಲಿ. ನಂಬಿಕೆಯ ನೆಂಟರ ಮನೆಗೆ ಸಾಗಿಸಿ, "ಸ್ವಲ್ಪ ದಿನ ಇರಲಿ" ಅಂದರೆ ಸಾಕು. ಅತ್ತೆಯ ಬಿಪಿ ಗುಳಿಗೆ, ನಿದ್ದೆ ಗುಳಿಗೆ ಎಲ್ಲಾ ನಿಮ್ಮ ಹತ್ತಿರ ಇರಲಿ. ಹಂದಿ, ಮಂಗನ ಕಾಟಕ್ಕೆ ಅಂತ ಲೈಸೆನ್ಸಿನ ಕೋವಿ ಇದ್ದರೆ ಅದನ್ನೂ ಹೊರಗೆ ಹಾಕಬೇಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುತ್ತೀರಲ್ಲ, ಹಾಗೇ ಈಗಲೂ ಒಪ್ಪಿಸುವ ವಿಷಯ ಠಾಣೆಯಲ್ಲಿ ಯಜಮಾನರು ಮಾತಾಡಲಿ. ಇದನ್ನೆಲ್ಲ ಕದ್ದು ಮಾಡಬೇಕಾಗಿಲ್ಲ. "ನೀನು ಹುಷಾರಾಗುವವರೆಗೆ" ಅಂತ ಹೇಳಿಯೇ ಮಾಡಿ.

ಯಾರನ್ನು ಕರೆಯಲಿ ಅಂತ ಕೇಳಿದ್ದೀರಿ. 14416 ಬರೆದುಕೊಳ್ಳಿ. ಇದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ, ದೇಶದ ಮಟ್ಟದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 14416 ಸಿಗದಿದ್ದರೆ 1800-891-4416. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಬೇಕು ಅನಿಸಿದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಕಾಯಿಲೆಯವರೇ ಮಾತಾಡಬೇಕು ಅಂತೇನಿಲ್ಲ. ನೀವೇ ಮಾಡಿ "ನನ್ನ ಮೈದುನ ಹೀಗಿದ್ದಾನೆ, ನಾನು ಅವನ ಹತ್ತಿರ ಹೇಗೆ ಮಾತಾಡಲಿ" ಅಂತ ಕೇಳಬಹುದು. ನಾಳೆ ಹಗಲಲ್ಲೇ ಒಮ್ಮೆ ಮಾಡಿಬಿಡಿ. ರಾತ್ರಿ ಕೈ ನಡುಗುವಾಗ ಮೊದಲ ಸಲ ಆ ನಂಬರ್ ಒತ್ತುವ ಪಾಡು ಬೇಡ. ಏನಾದರೂ ಆಗಿಯೇ ಹೋಗಿದ್ದರೆ ಅಥವಾ ಆಗುವ ಹಾಗಿದ್ದರೆ ಮಾತ್ರ 14416 ಅಲ್ಲ, 108 ಅಥವಾ 112.

ನೆಟ್‌ವರ್ಕ್ ವಿಷಯ ನನಗೆ ಚೆನ್ನಾಗಿ ಗೊತ್ತು. ನಮ್ಮ ಹಳ್ಳಿಗಳಲ್ಲಿ ಪ್ರತಿ ಮನೆಗೂ ಒಂದು "ರೇಂಜ್ ಸಿಗೋ ಜಾಗ" ಇರುತ್ತದೆ. ಗೇರುಮರದ ಬುಡ, ರಸ್ತೆಯ ತಿರುವು, ದಿಬ್ಬದ ಮೇಲಿನ ಕಲ್ಲು. ಅಪಾಯ ಇರುವುದು ಇಲ್ಲೇ. ನೀವು ಟಾರ್ಚ್ ಹಿಡಿದು ಆ ಕಲ್ಲಿನ ತನಕ ಓಡಿದರೆ ಮನೆಯಲ್ಲಿ ಅವನ ಜೊತೆ ಯಾರು? ಅದಕ್ಕೆ ಇಂಥ ದಿನಗಳಲ್ಲಿ ಮನೆಯಲ್ಲಿ ದೊಡ್ಡವರು ಇಬ್ಬರಾದರೂ ಗಟ್ಟಿಯಾಗಿರಬೇಕು. ಅತ್ತೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವರೇ ಹೆದರಿದ್ದಾರೆ. ಹತ್ತಿರದ ಮನೆಯ ಒಬ್ಬರಿಗೆ ವಿಷಯ ಹೇಳಲೇಬೇಕು. ಊರಿಗೆಲ್ಲ ಬೇಡ, ಒಬ್ಬರಿಗೆ. ಜೀಪೋ ಕಾರೋ ಇರುವವರು, ರಾತ್ರಿ ಎರಡಕ್ಕೆ ಬಾಗಿಲು ಬಡಿದರೆ "ಯಾಕೆ" ಅಂತ ಕೇಳದೆ ಗಾಡಿ ತೆಗೆಯುವವರು ಆದರೆ ಒಳ್ಳೆಯದು. ಅಂಥವರು ಪ್ರತಿ ಊರಲ್ಲೂ ಇದ್ದಾರೆ, ಯಾರು ಅಂತ ನಿಮಗೆ ಈಗಾಗಲೇ ಮನಸ್ಸಿಗೆ ಬಂದಿರುತ್ತದೆ. ಒಳಗಿನ ಊರಿಗೆ ಆಂಬುಲೆನ್ಸ್ ಬರುವಷ್ಟರಲ್ಲಿ ಅವರ ಗಾಡಿ ಅರ್ಧ ದಾರಿ ಮುಟ್ಟಿರುತ್ತದೆ. ಗಾಡಿಯಲ್ಲಿ ಅವನನ್ನು ಹಿಂದಿನ ಸೀಟಿನ ಮಧ್ಯ ಕೂರಿಸಿ, ಎರಡೂ ಬದಿಗೆ ಒಬ್ಬೊಬ್ಬರು ಕೂತುಕೊಳ್ಳಿ. ಘಟ್ಟದ ರಸ್ತೆಯಲ್ಲಿ ಇದು ಸಣ್ಣ ಮಾತಲ್ಲ.

ಎಲ್ಲಿಗೆ ಹೋಗಬೇಕು? "ನಮ್ಮ ಜಿಲ್ಲೆಯಲ್ಲಿ ಏನಿದೆ, ಎಲ್ಲದಕ್ಕೂ ಹುಬ್ಬಳ್ಳಿ, ಮಣಿಪಾಲ, ಗೋವಾ" ಅಂತ ನಾವೆಲ್ಲ ಗೊಣಗುತ್ತೇವೆ. ಗೊಣಗಾಟ ಸುಳ್ಳಲ್ಲ. ಆದರೆ ಅದೇ ಮಾತು ಹಿಡಿದು ಜನ ಶಿರಸಿಯ ಆಸ್ಪತ್ರೆ ದಾಟಿ ಮುಂದೆ ಹೋಗುತ್ತಾರಲ್ಲ, ಅಲ್ಲಿ ನಷ್ಟ ಆಗುತ್ತದೆ. ರಾತ್ರಿಯ ಮಟ್ಟಿಗೆ ದೊಡ್ಡ ಡಾಕ್ಟರು ಬೇಕಾಗಿಲ್ಲ, ಹತ್ತಿರದ ಬಾಗಿಲು ಬೇಕು. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಜೀವಕ್ಕೆ ಅಪಾಯ ಇರುವಾಗ ನೋಂದಾಯಿತ ವೈದ್ಯರು ಯಾರೇ ಆಗಲಿ 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಎಂಬಿಬಿಎಸ್ ಡಾಕ್ಟರು "ನಾನು ಮನೋವೈದ್ಯ ಅಲ್ಲ" ಅಂತ ಕೈಚೆಲ್ಲಬೇಕಾಗಿಲ್ಲ. ಅಲ್ಲಿ ನಿದ್ದೆ ಬರಿಸಿ, ರಾತ್ರಿ ಕಳೆಸಿ, ಬೆಳಿಗ್ಗೆ ಮುಂದಕ್ಕೆ ಕಳಿಸಲಿ.

ತುರ್ತಿಲ್ಲದ ದಿನಕ್ಕೆ, ಎಲ್ಲ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ಮನೋಚೈತನ್ಯ ಅನ್ನುವ ಹೆಸರಿನಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಏರ್ಪಾಡನ್ನು ರಾಜ್ಯ ಸರ್ಕಾರ 2014ರಲ್ಲೇ ಶುರು ಮಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ಚೀಟಿ ಕೌಂಟರಿನಲ್ಲೋ ಕೇಳಿದರೆ ತಿಳಿಯುತ್ತದೆ. ಒಳರೋಗಿಯಾಗಿ ಇರಿಸಬೇಕು ಅಂತಾದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ನಾವೆಲ್ಲ ಕ್ರಿಮ್ಸ್ ಅನ್ನುವುದು, ಅಲ್ಲಿ ಮನೋವೈದ್ಯ ವಿಭಾಗ ಇದೆ. ಘಟ್ಟದ ಮೇಲಿನವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹೊಂದುತ್ತದೆ, ಶಿರಸಿಯಿಂದ ನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ನಮ್ಮ ಕಡೆ "ಇವನನ್ನ ಧಾರವಾಡಕ್ಕೆ ಕಳಿಸ್ಬೇಕು" ಅನ್ನುವ ಬೈಗುಳ ಇದೆಯಲ್ಲ, ಅದೇ ಧಾರವಾಡ. ಬೈಗುಳ ಹಳೆಯ ಕಾಲದ್ದು, ಆಸ್ಪತ್ರೆ ಈಗಿನದು. ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರ ಗಡಿಯವರು ಗೋವಾದ ಬಾಂಬೋಳಿ ಆಸ್ಪತ್ರೆಗೆ ಹೋಗುವುದು ಮೊದಲಿನಿಂದ ಇದೆ, ಅದೂ ಸರಿಯೇ.

ಜನ ನೋಡುತ್ತಾರೆ ಅನ್ನುವ ಹೆದರಿಕೆಗೆ ಒಂದು ಮಾತು. ಶಿರಸಿಯವರು ಗುರುತಿನವರು ಯಾರಾದರೂ ಕಂಡಾರು ಅಂತ ಹುಬ್ಬಳ್ಳಿಗೆ ಹೋಗುತ್ತಾರೆ. ಅಲ್ಲಿ ಬೆಂಚಿನ ಮೇಲೆ ಕೂತು ಪಕ್ಕಕ್ಕೆ ನೋಡಿದರೆ ಶಿರಸಿಯವರೇ. ಇಬ್ಬರೂ "ಸುಮ್ನೆ ತಲೆನೋವಿಗೆ ಬಂದದ್ದು" ಅಂತ ಹೇಳಿಕೊಳ್ಳುತ್ತಾರೆ. ಡಾಕ್ಟರು ನಿಮ್ಮ ವಿಷಯ ಹೊರಗೆ ಹೇಳುವ ಹಾಗಿಲ್ಲ, ಅದು ಕಾನೂನೇ. ಮದುವೆಯ ಮಾತು ಆಮೇಲೆ. ಹೆಣ್ಣು ಸಿಗುವುದಿಲ್ಲ ಅನ್ನುವ ಕೊರಗು ನಮ್ಮ ತೋಟಿಗರ ಮನೆಗಳಲ್ಲಿ ಎಷ್ಟು ಆಳ ಇಳಿದಿದೆ ಅಂತ ನನಗೆ ಗೊತ್ತು, ಸಣ್ಣದು ಮಾಡುತ್ತಿಲ್ಲ. ಆದರೆ ಅವನ ಎದುರು ಅದನ್ನೇ ಕಾರಣ ಮಾಡಿ ಆಸ್ಪತ್ರೆ ಬೇಡ ಅಂದರೆ, ಅವನ ಜೀವಕ್ಕಿಂತ ಸಂಬಂಧ ದೊಡ್ಡದು ಅಂತ ಅವನ ಕಿವಿಗೆ ಕೇಳಿಸುತ್ತದೆ.

ಪೊಲೀಸ್ ಕೇಸು ಆಗುತ್ತದೆ ಅಂತ ಎಷ್ಟೋ ಮನೆಯವರು ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಾರೆ. ಏನು ಕುಡಿದ, ಎಷ್ಟು ನುಂಗಿದ ಅಂತ ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಡಬ್ಬಿಯನ್ನೇ ತಂದು ತೋರಿಸಿ. ಅದೇ 2017ರ ಕಾಯ್ದೆಯ 115ನೇ ಕಲಂ ಪ್ರಕಾರ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಹಿಡಿಯಬೇಕು, ಶಿಕ್ಷೆ ಇಲ್ಲ, ಆರೈಕೆ ಕೊಡಬೇಕು. ಇಂಥ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಕಲಂ ಇದ್ದ ದಂಡ ಸಂಹಿತೆಯೇ 2024ರ ಜುಲೈ 1ಕ್ಕೆ ಹೋಯಿತು. ಆಸ್ಪತ್ರೆಯವರು ಠಾಣೆಗೆ ತಿಳಿಸಬಹುದು, ಹೇಳಿಕೆ ತೆಗೆದುಕೊಳ್ಳಬಹುದು. ಅದಕ್ಕೆ ಹೆದರಬೇಕಾಗಿಲ್ಲ.

ಅವನು ಬರುವುದಿಲ್ಲ ಅಂದರೆ? ಮೊದಲು ನಿದ್ದೆಯ ನೆಪ ಹಿಡಿಯಿರಿ. ಅದು ನೆಪವೂ ಅಲ್ಲ, ನಿಜವೇ. "ಮೂರು ವಾರ ನಿದ್ದೆ ಇಲ್ಲ, ಅದಕ್ಕಾದರೂ ತೋರಿಸೋಣ" ಅಂದರೆ ಒಪ್ಪುವವರು ಜಾಸ್ತಿ. ಸುಳ್ಳು ಹೇಳಿ ಮಾತ್ರ ಕರೆತರಬೇಡಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿಗೆ "ಏನೋ ಹೇಳಿ ಕರ್ಕೊಂಡು ಬನ್ನಿ, ಉಳಿದದ್ದು ನನಗೆ ಬಿಡಿ" ಅಂದಿದ್ದೆ. ಅವರು ಮದುವೆ ಮನೆಗೆ ಅಂತ ಹೇಳಿ ಕರೆತಂದರು. ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಉಡುಗೊರೆಯ ಕವರು ಜೇಬಿನಲ್ಲಿಟ್ಟುಕೊಂಡು ನನ್ನ ಎದುರು ಕೂತ. ಬೋರ್ಡು ಓದಿದ ಮೇಲೆ ಒಂದು ಮಾತೂ ಆಡಲಿಲ್ಲ. ಆರು ತಿಂಗಳು ಆಡಲಿಲ್ಲ. ತಾಯಿಯ ಹತ್ತಿರವೂ ಸರಿಯಾಗಿ ಆಡಲಿಲ್ಲ. ತಪ್ಪು ನನ್ನದು, ಅನುಭವಿಸಿದ್ದು ಅವರು.

ಏನು ಮಾಡಿದರೂ ಒಪ್ಪದೆ, ಅಪಾಯವೂ ಕಣ್ಣಿಗೆ ಕಾಣುತ್ತಿದ್ದರೆ ಮನೆಯವರ ಕೋರಿಕೆ ಮೇಲೆ, ವೈದ್ಯರು ಪರೀಕ್ಷೆ ಮಾಡಿ, ಅವನ ಒಪ್ಪಿಗೆ ಇಲ್ಲದೆಯೂ ದಾಖಲು ಮಾಡಿಕೊಳ್ಳಲು ಕಾನೂನಿನಲ್ಲಿ ದಾರಿ ಇದೆ. ಮೊದಲ ಸಲ 30 ದಿನದ ಮಿತಿ. ಕಟ್ಟಿ ಹಾಕುವುದು, ಕೋಣೆಯಲ್ಲಿ ಕೂಡಿ ಬೀಗ ಹಾಕುವುದು ಬೇಡವೇ ಬೇಡ.

ಅತ್ತೆಯವರ ಪ್ರಶ್ನೆ ಕೇಳಿಸುವ ವಿಷಯಕ್ಕೆ ಜಗಳ ಆಡಬೇಡಿ. ಮಾರಿಕಾಂಬೆಗೆ ಹರಕೆ ಹೊರಲಿ, ಕವಡೆ ಹಾಕಿಸಲಿ. ಅವರಿಗೂ ಕೈಗೆ ಏನಾದರೂ ಕೆಲಸ ಬೇಕು. ನನ್ನ ಶರತ್ತು ಎರಡೇ: ಆಸ್ಪತ್ರೆ ಮೊದಲು, ಮತ್ತು ಉಪವಾಸ ಮಾಡಿಸುವುದು, ಹೊಡೆಯುವುದು, ಗುಳಿಗೆ ನಿಲ್ಲಿಸುವುದು ಇಂಥದ್ದು ಹೇಳುವವರ ಹತ್ತಿರ ಹೋಗಬಾರದು. "ಗ್ರಹಚಾರ ನಾನು ನೋಡ್ತೆ, ನಿದ್ದೆಗೆ ಡಾಕ್ಟರು ನೋಡಲಿ" ಅಂತ ಹೇಳಿ ನನ್ನ ಹತ್ತಿರವೇ ಕಳಿಸಿದ ಭಟ್ಟರೂ ಇದ್ದಾರೆ.

ಒಂದು ಅಡ್ಡ ಮಾತು, ಬೇರೆ ಮನೆಗಳಿಗೆ. ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡುವುದೆಲ್ಲ ಗಾಳಿ ಸೋಕಿದ್ದೂ ಅಲ್ಲ, ಎಲ್ಲವೂ ಮನಸ್ಸಿನ ಕಾಯಿಲೆಯೂ ಅಲ್ಲ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಕ್ಕೆ ಕೈ ನಡುಗಿ, ಬೆವರಿ, ಗೋಡೆಯ ಮೇಲೆ ಹುಳ ಹರಿದಾಡುವುದು ಕಂಡ ಹಾಗೆ ಆಡುತ್ತಾರೆ. ಅದು ಜೀವಕ್ಕೇ ಅಪಾಯ, ಅವತ್ತೇ ಆಸ್ಪತ್ರೆ. ಹೆರಿಗೆಯಾಗಿ ಒಂದೆರಡು ವಾರದೊಳಗೆ ಬಾಣಂತಿ ನಿದ್ದೆ ಬಿಟ್ಟು ವಿಚಿತ್ರವಾಗಿ ಆಡಿದರೆ, ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಅನ್ನುತ್ತಿದ್ದರಲ್ಲ, ಅದೂ ಅಷ್ಟೇ ತುರ್ತು. ತಾಯಿ, ಮಗು ಇಬ್ಬರನ್ನೂ ಒಂಟಿ ಬಿಡಬಾರದು. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ ಅದು.

ನಿಮ್ಮ ಮೈದುನನಿಗೆ ಔಷಧಿ ಶುರುವಾದರೆ ಮೊದಲ ಎರಡು ವಾರ "ಏನೂ ಗುಣ ಇಲ್ಲ" ಅಂತ ಅನಿಸುತ್ತದೆ. ಖಿನ್ನತೆಯ ಗುಳಿಗೆ ಕೆಲಸ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಮನಸ್ಸು ತಿಳಿಯಾಗುವ ಮೊದಲೇ ಮೈಗೆ ಚುರುಕು ಬರುವುದುಂಟು, ಹಾಗಾಗಿ ಆ ದಿನಗಳಲ್ಲಿ ಕಾವಲು ಇನ್ನೂ ಬಿಗಿ ಇರಬೇಕು. ಸ್ಟ್ರಿಪ್ ನಿಮ್ಮ ಹತ್ತಿರ ಇರಲಿ, ದಿನದ್ದು ದಿನಕ್ಕೆ ಕೊಡಿ. ಸರಿಹೋಯಿತು ಅಂತ ತಾವೇ ನಿಲ್ಲಿಸುವುದು ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆಗೆ ದುಡ್ಡು ಕೊಡಬೇಕಾಗಿಲ್ಲ. ಖಾಸಗಿಗೆ ಹೋಗುವುದಾದರೆ, ಉಳಿದ ಕಾಯಿಲೆಗಳ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಆ ಕಾಯ್ದೆಯೇ ಹೇಳುತ್ತದೆ. ಪಾಲಿಸಿ ಕಾಗದ ತೆಗೆದು ನೋಡಿ. ಹೇಗೂ ಅವನೇ ಪೆಟ್ಟಿಗೆ ತೋರಿಸಿದ್ದಾನೆ.

ಇನ್ನು ನಿಮ್ಮ ವಿಷಯ. ಮೂರು ವಾರದಿಂದ ಅವನಿಗೆ ನಿದ್ದೆ ಇಲ್ಲ ಅಂತ ಬರೆದಿರಿ. ಅವನು ಮಗ್ಗುಲು ಬದಲಿಸುವುದು ನಿಮಗೆ ಕೇಳಿಸುತ್ತಿದೆ ಅಂದರೆ ನಿಮಗೂ ಇಲ್ಲ ಅಂತಾಯಿತು. ಕಾವಲನ್ನು ಪಾಳಿ ಮಾಡಿಕೊಳ್ಳಿ. ಹತ್ತರಿಂದ ಎರಡು ಯಜಮಾನರು, ಎರಡರಿಂದ ಆರು ನೀವು. ಯಜಮಾನರು ಈ ಪತ್ರವನ್ನು ಒಮ್ಮೆ ಪೂರ್ತಿ ಓದಲಿ. ಮಗನಿಗೆ ಬೇಕಾದರೆ "ಚಿಕ್ಕಪ್ಪನಿಗೆ ಹುಷಾರಿಲ್ಲ, ಡಾಕ್ಟರು ನೋಡ್ತಾ ಇದ್ದಾರೆ" ಅನ್ನಿ, ಅಷ್ಟು ಸಾಕು. ವಾಚನ್ನು ಅವನು ಕೇಳಿದಾಗ ವಾಪಸ್ ಕೊಡುವ ಹಾಗೆ ಎತ್ತಿಡಿ.

ಆಸ್ಪತ್ರೆಗೆ ಹೊರಡುವಾಗ ಒಂದು ಚೀಲದಲ್ಲಿ ಇವಿಷ್ಟು ಇರಲಿ: ಅವನ ಆಧಾರ್ ಕಾರ್ಡು, ರೇಷನ್ ಕಾರ್ಡಿನ ಪ್ರತಿ, ಹಿಂದೆ ಏನಾದರೂ ತೋರಿಸಿದ್ದರೆ ಆ ಚೀಟಿಗಳು, ನಿದ್ದೆ ಬಿಟ್ಟ ದಿನದಿಂದ ಏನೇನಾಯಿತು ಅಂತ ನೀವೇ ಬರೆದ ಅರ್ಧ ಹಾಳೆ, ಎರಡು ಜೊತೆ ಬಟ್ಟೆ, ಒಂದು ಕಂಬಳಿ. ಡಾಕ್ಟರ ಎದುರು ಅವನು ಮತ್ತೆ "ಎಂತದೂ ಇಲ್ಲೆ" ಅನ್ನುವ ಸಂಭವ ಇದೆ. ಆಗ ಆ ಅರ್ಧ ಹಾಳೆ ಕೊಡಿ. ಪೆಟ್ಟಿಗೆಯ ಸಂಗತಿ ಮೊದಲ ಸಾಲಿನಲ್ಲೇ ಇರಲಿ.